ಗದ್ದಲದ ಕೋಣೆಯಲ್ಲಿ ಮಿತಭಾಷಿಗೆ ಯಾವ ಕುರ್ಚಿ?

ಹತ್ತು ವರ್ಷದ ಹಿಂದೆ ನಾನು ಬರೆದ ಒಂದು ಸಾಲು ಕಳೆದ ತಿಂಗಳು ನನ್ನ ಮನೆ ಬಾಗಿಲಿಗೇ ಬಂದು ನಿಂತಿತು. ತಂದವರು ಒಬ್ಬ ತಾಯಿ. ಕೈಯಲ್ಲಿ ಮಗಳ ಒಂಬತ್ತನೇ ತರಗತಿಯ ಪ್ರಗತಿ ಪತ್ರ. ಷರಾ ಎಂಬ ಕಡೆ ನನ್ನದೇ ಅಕ್ಷರ: 'ಜಾಣೆ. ಆದರೆ ಮಾತು ಕಡಿಮೆ. ಮುಂದೆ ಬರುವುದನ್ನು ಕಲಿಯಬೇಕು.' ಕೆಳಗೆ ನನ್ನ ಸಹಿ.

"ಮೇಷ್ಟ್ರೇ, ಇವಳಿಗೆ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿದೆ. ಅದು ಬಾಯಿದ್ದವರ ಕೆಲಸ, ನನಗಾಗಲ್ಲ ಅಂತ ಕೂತಿದ್ದಾಳೆ. ಕೇಳಿದರೆ ಇದನ್ನು ತೋರಿಸುತ್ತಾಳೆ. ನೀವು ಬರೆದದ್ದು, ನೀವೇ ಬಂದು ಹೇಳಿ" ಎಂದರು.

ಶಿಕ್ಷಕರು ವರ್ಷಕ್ಕೆ ನೂರಾರು ಷರಾ ಬರೆಯುತ್ತೇವೆ. ಬೇಸಿಗೆ ರಜೆಗೆ ಮೊದಲು ಮುಗಿಸಬೇಕೆಂಬ ಅವಸರ ಬೇರೆ. ಅದನ್ನು ಯಾರೋ ಹತ್ತು ವರ್ಷ ಕಾಪಾಡಿ ಇಟ್ಟುಕೊಳ್ಳುತ್ತಾರೆಂದು ಯಾರು ಎಣಿಸುತ್ತಾರೆ? ಅಂದು ಸಂಜೆಯೇ ಅವರ ಮನೆಗೆ ಹೋದೆ.

ಹುಡುಗಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ಮುಂಬಯಿಯ ಒಂದು ಬ್ಯಾಂಕಿನ ಟ್ರೆಷರಿ ವಿಭಾಗದಲ್ಲಿ ಎರಡು ತಿಂಗಳು ತರಬೇತಿಗೆ ಹೋಗಿ ಬಂದಿದ್ದಳು. ಬ್ಯಾಂಕಿನವರಿಗೆ ಮೆಚ್ಚುಗೆಯಾಗಿ ಕೆಲಸಕ್ಕೆ ಕರೆದಿದ್ದರು. ಮೂರು ಜಾಗ ಹೇಳಿ ಯಾವುದು ಬೇಕೆಂದು ಸೋಮವಾರದೊಳಗೆ ತಿಳಿಸುವಂತೆ ಬರೆದಿದ್ದರು. ಒಂದು, ಗ್ರಾಹಕ ಕಂಪನಿಗಳೊಂದಿಗೆ ಮಾತಾಡುವ ಸೇಲ್ಸ್. ಎರಡು, ಸರಕಾರಿ ಬಾಂಡುಗಳನ್ನು ಕೊಂಡು ಮಾರುವ ಡೀಲಿಂಗ್. ಮೂರು, ರಿಸ್ಕ್, ಅಂದರೆ ನಷ್ಟದ ಅಪಾಯವನ್ನು ಅಳೆದು ಕಾಯುವ ವಿಭಾಗ. ಅವಳು ಮೂರನ್ನೂ ಬಿಟ್ಟು ಊರಿನ ಹತ್ತಿರ ಏನಾದರೂ ನೋಡುತ್ತೇನೆ ಎನ್ನುತ್ತಿದ್ದಳು.

ಈಚೆಗೆ ಬೇರೆ ಪೋಷಕರೂ ಈ ಬಗೆಯ ಪ್ರಶ್ನೆ ಕೇಳುತ್ತಿರುವುದರಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹಣಕಾಸಿನ ಪಂಡಿತನಲ್ಲ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿಕೊಡುವವನು. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಇಂತಹ ಕೋಣೆಗಳಲ್ಲಿ ದುಡಿಯುತ್ತಿದ್ದಾರೆ. ಮೂವರಿಗೂ ಫೋನ್ ಮಾಡಿ ತಲೆ ತಿಂದಿದ್ದೇನೆ.

ಷೇರುಪೇಟೆ ಎಂದೊಡನೆ ನಮ್ಮ ಕಣ್ಣಿಗೆ ಬರುವ ಚಿತ್ರ ಸಿನಿಮಾದ್ದು. ತೋಳು ಮಡಿಸಿದ ಗಂಡಸರು, ಎತ್ತಿದ ಕೈ, ಹರಿದ ಗಂಟಲು. ಅದು ಸುಳ್ಳೇನಲ್ಲ, ಹಳೆಯದು. 1875ರಲ್ಲಿ ಆರಂಭವಾದ ಮುಂಬಯಿ ಷೇರುಪೇಟೆಯ 'ರಿಂಗ್'ನಲ್ಲಿ ಕೂಗಿ ವ್ಯಾಪಾರ ಮಾಡುವುದೇ ಪದ್ಧತಿಯಾಗಿತ್ತು. 1994ರ ನವೆಂಬರಿನಲ್ಲಿ ರಾಷ್ಟ್ರೀಯ ಷೇರುಪೇಟೆ ಮೊದಲ ದಿನದಿಂದಲೇ ಕಂಪ್ಯೂಟರ್ ಪರದೆಯ ಮೇಲೆ ಷೇರು ವಹಿವಾಟು ಶುರು ಮಾಡಿತು. 1995ರಲ್ಲಿ ಮುಂಬಯಿ ಷೇರುಪೇಟೆಯೂ 'ಬೋಲ್ಟ್' ಎಂಬ ತನ್ನ ಗಣಕ ವ್ಯವಸ್ಥೆಗೆ ಬಂತು. 1963ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಷೇರುಪೇಟೆ 2014ರಲ್ಲಿ ಬಾಗಿಲೇ ಮುಚ್ಚಿತು. ಷಿಕಾಗೋದಲ್ಲಿ ಅಂಗೈ ತನ್ನ ಕಡೆ ತಿರುಗಿಸಿದರೆ ಕೊಳ್ಳುತ್ತೇನೆ, ಹೊರಗೆ ತಿರುಗಿಸಿದರೆ ಮಾರುತ್ತೇನೆ ಎಂಬ ಕೈಸನ್ನೆಯ ಭಾಷೆಯೇ ಇತ್ತು. ಅಲ್ಲಿನ ಫ್ಯೂಚರ್ಸ್ ಕಣಗಳಲ್ಲಿ ಬಹುಪಾಲು 2015ರ ಜುಲೈಯಲ್ಲಿ ಮುಚ್ಚಿದವು. ಲಂಡನ್ನಿನ ಲೋಹದ ಪೇಟೆಯಲ್ಲಿ ಮಾತ್ರ ಕೆಂಪು ಸೋಫಾಗಳ ಮೇಲೆ ವರ್ತುಲವಾಗಿ ಕುಳಿತು ಕೂಗುವ ಸಂಪ್ರದಾಯ ಉಳಿದಿದೆ.

ವ್ಯಾಪಾರ ಎಂದರೆ ಕೂಗಾಟ ಎಂದು ನಮ್ಮ ಹಿರಿಯರೇನೂ ನಂಬಿರಲಿಲ್ಲ. ದನದ ಜಾತ್ರೆ ನೋಡಿದವರಿಗೆ ಗೊತ್ತು. ದಲ್ಲಾಳಿ ಮತ್ತು ಕೊಳ್ಳುವವ ಒಂದು ಟವೆಲ್ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಬೆರಳು ಮುಟ್ಟಿ, ಒತ್ತಿ, ಬಿಟ್ಟು ಬೆಲೆ ತೀರ್ಮಾನವಾಗುತ್ತದೆ. ಸುತ್ತ ನಿಂತವರಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ ತಾತನ ಜೊತೆ ಹೋಗಿ ನಾನು ನೋಡಿದ ಅತ್ಯಂತ ಚತುರ ವ್ಯಾಪಾರಿ ದಿನಕ್ಕೆ ಹತ್ತು ಮಾತು ಆಡುತ್ತಿದ್ದನೋ ಇಲ್ಲವೋ.

ಈಗಿನ ಟ್ರೇಡಿಂಗ್ ಫ್ಲೋರ್ ಹೇಗಿರುತ್ತದೆ? ಗೋಡೆಯಿಲ್ಲದ ದೊಡ್ಡ ಹಜಾರ. ಉದ್ದುದ್ದ ಮೇಜಿನ ಸಾಲು. ಒಬ್ಬೊಬ್ಬರ ಮುಂದೆ ಮೂರೋ ನಾಲ್ಕೋ ಪರದೆ. ಮೊಣಕೈಗೆ ಮೊಣಕೈ ತಾಗುವಂತೆ ಕೂರುತ್ತಾರೆ. ಸ್ವಂತ ಮೊಬೈಲ್ ಅನೇಕ ಕಡೆ ಹೊರಗಿಡಬೇಕು. ಡೀಲಿಂಗ್ ಫೋನಿನ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಹೆಚ್ಚಿನ ಹೊತ್ತು ಕೇಳುವುದು ಕೀಲಿಮಣೆಯ ಸದ್ದು ಮಾತ್ರ. ರಿಸರ್ವ್ ಬ್ಯಾಂಕ್ ಬಡ್ಡಿ ದರದ ನಿರ್ಧಾರ ಪ್ರಕಟಿಸುವ ದಿನ, ಅಥವಾ ಸಾಮಾನ್ಯವಾಗಿ ಶುಕ್ರವಾರ ನಡೆಯುವ ಸರಕಾರಿ ಬಾಂಡಿನ ಹರಾಜಿನ ಹೊತ್ತಿನಲ್ಲಿ ದನಿ ಏರುತ್ತದೆ. ವಿದೇಶಿ ವಿನಿಮಯದ ಮೇಜಿನಲ್ಲಿ 'ಮೈನ್' ಎಂದರೆ ಕೊಂಡೆ, 'ಯುವರ್ಸ್' ಎಂದರೆ ಮಾರಿದೆ. ಒಂದೊಂದು ಪದದಲ್ಲಿ ಕೋಟಿಗಟ್ಟಲೆ ವ್ಯವಹಾರ. ಮಾತು ಕಡಿಮೆಯೇ, ಆಡಿದ ಮಾತು ಸ್ಪಷ್ಟವಿರಬೇಕು, ತಡವರಿಸಬಾರದು, ಅಷ್ಟೆ.

ಈ ಹಜಾರದಲ್ಲಿ ಇರುವುದು ಒಂದೇ ಬಗೆಯ ಕೆಲಸವಲ್ಲ ಎಂಬುದನ್ನು ಪೋಷಕರು ಮೊದಲು ತಿಳಿಯಬೇಕು.

ಸೇಲ್ಸ್ ನಿಜಕ್ಕೂ ಮಾತಿನ ಕೆಲಸ. ಬೆಳಗಿನಿಂದ ಫೋನು, ಸಂಜೆ ಗ್ರಾಹಕರ ಜೊತೆ ಊಟ. ಮಾತು ಕಡಿಮೆಯಿದ್ದವರು ಇಲ್ಲಿ ಸೋಲುತ್ತಾರೆಂದಲ್ಲ. ಗ್ರಾಹಕ ಹೇಳುವುದನ್ನು ಪೂರ್ತಿ ಕೇಳುವವರು ಕಡಿಮೆಯಾದ್ದರಿಂದ ಅಂಥವರಿಗೆ ಬೆಲೆಯೂ ಇದೆ. ಆದರೆ ದಿನವಿಡೀ ಜನರ ನಡುವೆ ಇದ್ದು ರಾತ್ರಿ ಸುಸ್ತಾಗಿ ಬೀಳುವ ಸ್ವಭಾವದವರು ಇದನ್ನು ಮೂವತ್ತು ವರ್ಷ ಮಾಡಲಾರರು.

ಡೀಲಿಂಗ್ ಬೇರೆ. ಸರಕಾರಿ ಬಾಂಡನ್ನೇ ತೆಗೆದುಕೊಳ್ಳೋಣ. 2005ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕಿನ ಎನ್‌ಡಿಎಸ್-ಓಎಂ ಎಂಬ ಪರದೆಯ ಮೇಲೆ ಈ ವಹಿವಾಟು ನಡೆಯುತ್ತಿದೆ. ಎದುರಿಗಿರುವವರು ಯಾರೆಂದು ಕೊಳ್ಳುವವರಿಗೂ ತಿಳಿಯದು, ಮಾರುವವರಿಗೂ ತಿಳಿಯದು. ನಮ್ಮ ಟವೆಲ್ ವ್ಯಾಪಾರಕ್ಕಿಂತ ಒಂದು ಹೆಜ್ಜೆ ಮುಂದೆ! ಇಲ್ಲಿ ಬೇಕಾದದ್ದು ಬಾಯಲ್ಲ, ಲೆಕ್ಕ ಮತ್ತು ಗಟ್ಟಿ ಮನಸ್ಸು. ಬಡ್ಡಿ ದರ ಶೇಕಡ 0.01ರಷ್ಟು ಏರಿದರೆ ಹತ್ತು ವರ್ಷದ ಬಾಂಡಿನ ಬೆಲೆ ನೂರು ರೂಪಾಯಿಗೆ ಸುಮಾರು 7 ಪೈಸೆ ಇಳಿಯುತ್ತದೆ. ಏಳು ಪೈಸೆ ಎಂದು ನಗಬೇಡಿ. ವಹಿವಾಟಿನ ಸಾಮಾನ್ಯ ಗಾತ್ರ 5 ಕೋಟಿ ರೂಪಾಯಿ. ಅದರ ಮೇಲೆ 35 ಸಾವಿರ ಹೋಯಿತು. ಕೈಯಲ್ಲಿ 100 ಕೋಟಿಯ ಬಾಂಡಿದ್ದರೆ 7 ಲಕ್ಷ. ಇದು ಕಾಫಿ ಕುಡಿದು ಬರುವಷ್ಟರಲ್ಲಿ ಆಗುವಂಥದ್ದು. ನಷ್ಟವಾದಾಗ 'ತಪ್ಪಾಯಿತು' ಎಂದು ಮಾರಿ ಹೊರಬರಬೇಕು, ಹಟಕ್ಕೆ ಬೀಳಬಾರದು. ನನ್ನ ವಿದ್ಯಾರ್ಥಿ ಹೇಳುವಂತೆ, ಬಾಯಿಬಡುಕರಿಗೆ ಇದೇ ಕಷ್ಟ. ಎಲ್ಲರೆದುರು ಬೆಲೆ ಏರುತ್ತದೆಂದು ಸಾರಿದ ಮೇಲೆ ಮಾರಲು ನಾಚಿಕೆ. ಸುಮ್ಮನೆ ಕುಳಿತವನಿಗೆ ಆ ತೊಂದರೆಯಿಲ್ಲ.

ಮ್ಯೂಚುವಲ್ ಫಂಡುಗಳಲ್ಲಿ ಇನ್ನೊಂದು ಬಗೆಯ ಡೀಲರ್ ಇರುತ್ತಾರೆ. ಯಾವ ಷೇರು ಕೊಳ್ಳಬೇಕೆಂದು ತೀರ್ಮಾನಿಸುವವರು ಫಂಡ್ ಮ್ಯಾನೇಜರ್. ಹೇಗೆ ಕೊಳ್ಳಬೇಕೆಂಬುದು ಡೀಲರ್ ಕೆಲಸ. ಹತ್ತು ಲಕ್ಷ ಷೇರು ಬೇಕೆಂದು ಒಮ್ಮೆಗೇ ಆರ್ಡರ್ ಹಾಕಿದರೆ ಬೆಲೆ ಏರಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಸಣ್ಣ ಸಣ್ಣ ತುಂಡು ಮಾಡಿ, ಪೇಟೆ ಉಸಿರಾಡುವುದನ್ನು ನೋಡುತ್ತ, ದಿನವಿಡೀ ಕೊಳ್ಳಬೇಕು. ಪ್ರಯೋಗಶಾಲೆಯಲ್ಲಿ ಟೈಟ್ರೇಶನ್ ಮಾಡಿದ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಬ್ಯೂರೆಟ್ಟಿನ ನಲ್ಲಿ ಪೂರ್ತಿ ತಿರುಗಿಸಿ 'ಸರ್, ಬಣ್ಣ ಬಂತು' ಎಂದು ಕೂಗುವ ಹುಡುಗ ಒಬ್ಬ. ಕೊನೆಯ ಒಂದು ಮಿಲಿಲೀಟರನ್ನು ಹನಿ ಹನಿಯಾಗಿ ಬಿಟ್ಟು, ಮಸುಕಾದ ಗುಲಾಬಿ ಬಣ್ಣ ನಿಂತಿದೆಯೇ ಎಂದು ಕಾಯುವವನು ಇನ್ನೊಬ್ಬ. ನಿಮ್ಮ ಮನೆಯಲ್ಲಿ ಎರಡನೆಯವನಿದ್ದರೆ ಈ ಕೆಲಸದ ಬಗ್ಗೆ ವಿಚಾರಿಸಿ.

ಇನ್ನು ಗಣಿತದವರ ಮೇಜು, 'ಕ್ವಾಂಟ್' ಎಂದು ಕರೆಯುತ್ತಾರೆ. ವಿಜ್ಞಾನದ ಮೇಷ್ಟ್ರಿಗೆ ಇಲ್ಲಿ ಸ್ವಲ್ಪ ಹೆಚ್ಚು ಮಾತಾಡಲು ಅನುಮತಿ ಕೊಡಿ. ನೀರಿನಲ್ಲಿ ತೇಲುವ ಕಣಗಳು ಅಡ್ಡಾದಿಡ್ಡಿ ಓಡುವ ಬ್ರೌನಿಯನ್ ಚಲನೆಗೆ ಐನ್‌ಸ್ಟೀನ್ 1905ರಲ್ಲಿ ಲೆಕ್ಕ ಕೊಟ್ಟರು ಎಂದು ನಾವು ಪಾಠ ಹೇಳುತ್ತೇವೆ. ಅದಕ್ಕೂ ಐದು ವರ್ಷ ಮೊದಲೇ, 1900ರಲ್ಲಿ, ಲೂಯಿ ಬಾಷೆಲಿಯೆ ಎಂಬ ಫ್ರೆಂಚ್ ಗಣಿತಜ್ಞ ಪ್ಯಾರಿಸ್ ಪೇಟೆಯ ಬೆಲೆಗಳ ಏರಿಳಿತಕ್ಕೆ ಅದೇ ಬಗೆಯ ಲೆಕ್ಕ ಬರೆದಿದ್ದ! 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಆಪ್ಷನ್‌ಗಳ ಬೆಲೆಗೆ ಕಂಡುಹಿಡಿದ ಸೂತ್ರ ಉಷ್ಣ ಹರಡುವ ಸಮೀಕರಣದ ದಾಯಾದಿ. ಅಮೆರಿಕದ ಜಿಮ್ ಸೈಮನ್ಸ್ ರೇಖಾಗಣಿತದ ಪ್ರಾಧ್ಯಾಪಕರಾಗಿದ್ದವರು. ರೆನೈಸಾನ್ಸ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಕಟ್ಟಿ ಗಣಿತ, ಭೌತಶಾಸ್ತ್ರ, ಗಣಕ ವಿಜ್ಞಾನ ಓದಿದವರನ್ನೇ ಹುಡುಕಿ ಸೇರಿಸಿಕೊಂಡರು. 2024ರಲ್ಲಿ ತೀರಿಕೊಂಡಾಗ ಅವರು ಜಗತ್ತಿನ ಅತಿ ಶ್ರೀಮಂತ ಗಣಿತಜ್ಞರಲ್ಲೊಬ್ಬರು. ಸೂತ್ರವೇ ಎಲ್ಲ ಎಂದು ಭ್ರಮಿಸಬೇಡಿ. ಶೋಲ್ಸ್, ಮರ್ಟನ್ ಇಬ್ಬರಿಗೂ 1997ರಲ್ಲಿ ನೊಬೆಲ್ ಬಂತು. ಅವರು ಪಾಲುದಾರರಾಗಿದ್ದ ಹಣಕಾಸು ಸಂಸ್ಥೆ 1998ರಲ್ಲಿ ಮುಳುಗಿತು. ಈ ಮೇಜಿಗೆ ಸಂಭವನೀಯತೆ, ಕಲನಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಮೂರೂ ಗಟ್ಟಿಯಿರಬೇಕು.

ರಿಸ್ಕ್ ವಿಭಾಗದ ವಿಷಯಕ್ಕೆ ಬರೋಣ. ಮಾತು ಕಡಿಮೆಯಿರುವ ಮಕ್ಕಳಿಗೆ ಎಲ್ಲರೂ ಹೇಳುವುದು ಇದನ್ನೇ: 'ಒಳಗೆ ಕೂತು ಲೆಕ್ಕ ನೋಡಿಕೊಂಡಿರು.' ನನಗೆ ಈ ಸಲಹೆಯ ಬಗ್ಗೆ ತಕರಾರಿದೆ.

1995ರ ಫೆಬ್ರವರಿಯಲ್ಲಿ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಮುಳುಗಿತು. 1762ರಲ್ಲಿ ಹುಟ್ಟಿದ ಬ್ಯಾಂಕು. ಮುಳುಗಿಸಿದವನು ನಿಕ್ ಲೀಸನ್, ಇಪ್ಪತ್ತೆಂಟರ ಯುವಕ. ಸಿಂಗಪುರದಲ್ಲಿ ವ್ಯಾಪಾರ ಮಾಡುತ್ತಿದ್ದವನೂ ಅವನೇ, ಆ ವ್ಯಾಪಾರದ ಲೆಕ್ಕ ಚುಕ್ತಾ ಮಾಡುವ ಬ್ಯಾಕ್ ಆಫೀಸನ್ನು ನೋಡಿಕೊಳ್ಳುತ್ತಿದ್ದವನೂ ಅವನೇ. ನಷ್ಟವನ್ನೆಲ್ಲ 88888 ಎಂಬ ಖಾತೆಯಲ್ಲಿ ಅಡಗಿಸಿಟ್ಟ. ಒಟ್ಟು ನಷ್ಟ 82.7 ಕೋಟಿ ಪೌಂಡ್. ಕೊನೆಗೆ ಡಚ್ಚರ ಐಎನ್‌ಜಿ ಆ ಬ್ಯಾಂಕನ್ನು ಒಂದು ಪೌಂಡಿಗೆ ಕೊಂಡಿತು. ಒಬ್ಬನ ಕೈಯಲ್ಲೇ ಎರಡೂ ಕೆಲಸ ಇರಬಾರದೆಂದು 1994ರಲ್ಲೇ ಒಳಗಿನ ಲೆಕ್ಕಪರಿಶೋಧಕರು ಬರೆದಿದ್ದರು. ಬರೆದದ್ದು ಕಾಗದದಲ್ಲೇ ಉಳಿಯಿತು. ಲಂಡನ್ನಿನವರು ಅವನು ಕೇಳಿದಷ್ಟು ಹಣ ಕಳಿಸುತ್ತಲೇ ಹೋದರು.

2008ರ ಜನವರಿಯಲ್ಲಿ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿಗೆ 490 ಕೋಟಿ ಯೂರೋ ನಷ್ಟವಾಯಿತು. ಅದಕ್ಕೆ ಕಾರಣನಾದ ಜೆರೋಮ್ ಕೆರ್ವಿಯೆಲ್ ಮೊದಲು ಮಿಡ್ಲ್ ಆಫೀಸಿನಲ್ಲಿದ್ದವನು. ತಪಾಸಣೆ ಹೇಗೆ ನಡೆಯುತ್ತದೆಂದು ಚೆನ್ನಾಗಿ ಬಲ್ಲವನು. ಅವನನ್ನು ಪ್ರಶ್ನಿಸಿದವರೇ ಇರಲಿಲ್ಲವೆಂದಲ್ಲ. ಪ್ರಶ್ನಿಸಿದರು, ಅವನು ಹೇಳಿದ ಉತ್ತರ ಕೇಳಿ ಸುಮ್ಮನಾದರು.

ಇದರಿಂದ ನನಗೆ ತಿಳಿದದ್ದು: ರಿಸ್ಕ್ ವಿಭಾಗದ ಕುರ್ಚಿಗೆ ಮಾತು ಕಡಿಮೆಯಿರುವವರು ಸರಿ, ಅಂಜುವವರು ಖಂಡಿತ ಬೇಡ. ಬ್ಯಾಂಕಿಗೆ ಕೋಟಿ ಕೋಟಿ ಲಾಭ ತರುವ, ತನ್ನ ಹಲವು ಪಟ್ಟು ಸಂಬಳ ಪಡೆಯುವ ಡೀಲರ್ ಮೇಜಿನ ಬಳಿ ಹೋಗಿ, 'ನಿಮ್ಮ ಮಿತಿ ಮೀರಿದೆ, ಸಂಜೆಯೊಳಗೆ ಇಳಿಸಿ' ಎನ್ನಬೇಕು. ಅವನು ನಗುತ್ತಾನೆ, ಗದರುತ್ತಾನೆ, 'ನಾಳೆ ನೋಡೋಣ' ಎನ್ನುತ್ತಾನೆ. ಆಗ ದನಿ ಏರಿಸದೆ ಅದೇ ಮಾತನ್ನು ಎರಡನೇ ಸಲ ಹೇಳಬಲ್ಲ ಮಗು ನಿಮ್ಮದಾದರೆ ಈ ಕೆಲಸ ಅದರದ್ದು. ಅಂಜಿಕೆಯ ಮಗುವನ್ನು ಸುರಕ್ಷಿತ ಎಂದು ಇಲ್ಲಿ ಕೂರಿಸಿದರೆ ಮಗುವಿಗೂ ಕಷ್ಟ, ಬ್ಯಾಂಕಿಗೂ ಗಂಡಾಂತರ. ಕಂಪ್ಲಯನ್ಸ್, ಅಂದರೆ ಕಾನೂನು ಪಾಲನೆಯ ವಿಭಾಗಕ್ಕೂ ಈ ಮಾತೇ ಅನ್ವಯ.

ಬ್ಯಾಕ್ ಆಫೀಸಿನ ಬಗ್ಗೆ ಎರಡೇ ಮಾತು. 2023ರ ಜನವರಿಯಿಂದ ನಮ್ಮ ದೇಶದ ಎಲ್ಲ ಷೇರುಗಳ ವಹಿವಾಟು ಮಾರನೆಯ ಕೆಲಸದ ದಿನವೇ ಚುಕ್ತಾ ಆಗುತ್ತಿದೆ. ಆದ್ದರಿಂದ ಇದು ನಿಧಾನದ ಗುಮಾಸ್ತಗಿರಿಯೆಂದು ತಿಳಿಯಬಾರದು. ಗಡಿಯಾರದ ಜೊತೆ ಓಟ. ಬೆಂಗಳೂರಿನಲ್ಲಿ ಅನೇಕ ವಿದೇಶಿ ಬ್ಯಾಂಕುಗಳ ಈ ಬಗೆಯ ಕಚೇರಿಗಳಿವೆ. ನ್ಯೂಯಾರ್ಕಿನ ಕೆಲಸವಾದರೆ ರಾತ್ರಿ ಪಾಳಿ ಬರುತ್ತದೆ, ಮೊದಲೇ ಕೇಳಿಕೊಳ್ಳಿ. ಸಂಬಳದಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಅಂತರ ದೊಡ್ಡದು. ಹಾಗೆಯೇ ನಷ್ಟದ ವರ್ಷದಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವರು ಸಾಮಾನ್ಯವಾಗಿ ಮುಂದಿನ ಸಾಲಿನವರೇ.

ಮತ್ತೆ ಆ ಮನೆಯ ಜಗಲಿಗೆ ಬರುತ್ತೇನೆ. ಹುಡುಗಿ ಕಾಫಿ ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ನಾನು ಉಪದೇಶ ಮಾಡಲಿಲ್ಲ, ಕೆಲವು ಪ್ರಶ್ನೆ ಕೇಳಿದೆ. ತರಬೇತಿಯ ಎರಡು ತಿಂಗಳಲ್ಲಿ ಯಾವ ದಿನ ಕೋಣೆಗೆ ಬಂದಾಗ ತಲೆನೋವಿತ್ತು? ಯಾವ ದಿನ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ?

ತಲೆನೋವಿನ ದಿನ ಅವಳಿಗೆ ತಕ್ಷಣ ನೆನಪಾಯಿತು: ಸೇಲ್ಸ್‌ನವರ ಜೊತೆ ಗ್ರಾಹಕರ ಕಚೇರಿಗಳಿಗೆ ಅಲೆದ ವಾರ. ಊಟ ಮರೆತ ದಿನಗಳು ಎರಡು. ಒಂದು, ಹರಾಜಿನ ಶುಕ್ರವಾರ. ಯಾವ ದರಕ್ಕೆ ಹರಾಜು ಮುಗಿಯಬಹುದೆಂದು ತಾನೊಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳಂತೆ. ಇನ್ನೊಂದು, ಒಂದು ವರದಿಯಲ್ಲಿ ದಶಮಾಂಶ ಬಿಂದು ತಪ್ಪಿದ್ದನ್ನು ಕಂಡ ದಿನ.

"ಕಂಡು ಏನು ಮಾಡಿದೆ?"

"ಹೇಳಿದೆ ಸರ್."

"ಯಾರಿಗೆ?"

"ಅಲ್ಲಿನ ಮುಖ್ಯಸ್ಥರಿಗೆ. ಅವರು ಫೋನಲ್ಲಿದ್ದರು. ಮುಗಿಸೋವರೆಗೂ ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಬಾ ಅಂದರು. ಆಮೇಲೆ ಆಗಲ್ಲ ಸರ್, ಇದು ಹೊರಗೆ ಹೋಗತ್ತೆ ಅಂದೆ."

ಅವಳ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನಗೆ ನನ್ನ ಷರಾ ನೆನಪಾಗಿ ಕಾಫಿ ಗಂಟಲಲ್ಲಿ ನಿಂತಿತು. ಒಂಬತ್ತನೇ ತರಗತಿಯಲ್ಲಿ ಈ ಹುಡುಗಿ ಕೈ ಎತ್ತುತ್ತಿರಲಿಲ್ಲ, ನಿಜ. ಆದರೆ ಬೋರ್ಡಿನ ಮೇಲೆ ನಾನು ಒಮ್ಮೆ ಪ್ರತಿರೋಧದ ಲೆಕ್ಕ ತಪ್ಪು ಬರೆದಾಗ, ಗಂಟೆ ಹೊಡೆದ ಮೇಲೆ ಮೇಜಿನ ಬಳಿ ಬಂದು ಹೇಳಿದವಳು ಇವಳೇ. ಅದನ್ನು ಷರಾದಲ್ಲಿ ಬರೆಯಲು ನನಗೆ ತೋಚಿರಲಿಲ್ಲ.

ಪೋಷಕರು ಇದನ್ನೇ ಮಾಡಬಹುದು. 'ನಮ್ಮ ಮಗು ಸಾಧು' ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಜನರ ನಡುವೆ ಬೇಗ ದಣಿಯುವುದು ಒಂದು. ಯೋಚಿಸದೆ ಮಾತಾಡದಿರುವುದು ಇನ್ನೊಂದು. ಎದುರು ಹೇಳಲು ಭಯಪಡುವುದು ಮತ್ತೊಂದು. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕೆಲಸ ಕೊಡುವವರನ್ನೂ ಕೇಳಿ: ದಿನಕ್ಕೆ ಎಷ್ಟು ಹೊತ್ತು ಫೋನು? ಪಕ್ಕದಲ್ಲಿ ಯಾರು ಕೂರುತ್ತಾರೆ? ವರ್ಷದ ಕೊನೆಗೆ ಏನನ್ನು ನೋಡಿ ಅಳೆಯುತ್ತೀರಿ? ಇವು ಅಧಿಕಪ್ರಸಂಗದ ಪ್ರಶ್ನೆಗಳಲ್ಲ. ಆಗುವುದಾದರೆ ಕೆಲವು ವಾರ ತರಬೇತಿಗೆ ಹೋಗಿ ಬರುವುದು ಎಲ್ಲಕ್ಕಿಂತ ಉತ್ತಮ.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಿ.ಕಾಂ. ಮಾತ್ರವಲ್ಲ, ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರಿಗೂ ಇಲ್ಲಿ ದಾರಿ ಇದೆ. ಸೆಬಿ 2006ರಲ್ಲಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆ ಈಕ್ವಿಟಿ ಡೆರಿವೇಟಿವ್ಸ್, ಕರೆನ್ಸಿ ಡೆರಿವೇಟಿವ್ಸ್, ಸೆಕ್ಯುರಿಟೀಸ್ ಆಪರೇಷನ್ಸ್ ಮತ್ತು ರಿಸ್ಕ್ ಮ್ಯಾನೇಜ್‌ಮೆಂಟ್, ರಿಸರ್ಚ್ ಅನಲಿಸ್ಟ್ ಮುಂತಾದ ಪರೀಕ್ಷೆಗಳನ್ನು ನಡೆಸುತ್ತದೆ. ಕಾಲೇಜಿನಲ್ಲಿರುವಾಗಲೇ ಒಂದನ್ನು ಬರೆದರೆ ವಿಷಯ ಹಿಡಿಸುತ್ತದೋ ಇಲ್ಲವೋ ತಿಳಿಯುತ್ತದೆ. ಮುಂದೆ ರಿಸ್ಕ್ ಕಡೆಗೆ ಎಫ್‌ಆರ್‌ಎಂ, ಹೂಡಿಕೆಯ ಕಡೆಗೆ ಸಿಎಫ್‌ಎ ಇವೆ. ಎರಡೂ ದುಬಾರಿ, ಆದ್ದರಿಂದ ಕೆಲಸ ಸಿಕ್ಕ ಮೇಲೆ ಬರೆದರೂ ನಷ್ಟವಿಲ್ಲ.

ಒಂದು ಎಚ್ಚರಿಕೆ. ಟ್ರೇಡಿಂಗ್ ಕಲಿಯುತ್ತೇನೆಂದು ಹಾಸ್ಟೆಲಿನಲ್ಲಿ ಕುಳಿತು ಮೊಬೈಲಿನಲ್ಲಿ ಆಪ್ಷನ್ ಕೊಳ್ಳುವ ಹುಡುಗರಿದ್ದಾರೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ತೊಡಗಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಬ್ಯಾಂಕಿನ ಡೀಲರಿಗೆ ಬೆನ್ನ ಹಿಂದೆ ಮಿತಿ ಕಾಯುವವರಿರುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಮೌನಿಯಾದ ಮಗ ನಷ್ಟವನ್ನೂ ಮೌನವಾಗಿ ನುಂಗುತ್ತಾನೆ. ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು.

ಸೋಮವಾರ ಬೆಳಿಗ್ಗೆ ಹುಡುಗಿ ಫೋನ್ ಮಾಡಿದಳು. ನಾನು ರಿಸ್ಕ್ ವಿಭಾಗ ಎಂದುಕೊಂಡಿದ್ದೆ. ಅವಳು ಬಾಂಡ್ ಡೀಲಿಂಗ್ ಎಂದು ಬರೆದು ಕಳಿಸಿದ್ದಳು. ಏಕೆಂದು ಕೇಳಿದೆ. "ಹರಾಜಿನ ದಿನ ನಾನು ಚೀಟೀಲಿ ಬರೆದ ದರ ಸ್ವಲ್ಪದರಲ್ಲಿ ತಪ್ಪಿತ್ತು ಸರ್. ಯಾಕೆ ತಪ್ಪಿತು ಅಂತ ಇನ್ನೂ ಯೋಚಿಸ್ತಿದೀನಿ" ಎಂದಳು.

ಸಂಜೆ ಅವಳ ತಾಯಿ ಪ್ರಗತಿ ಪತ್ರ ವಾಪಸು ಪಡೆಯಲು ಬಂದರು. ಅವತ್ತಿನ ಗಡಿಬಿಡಿಯಲ್ಲಿ ಅದು ನಮ್ಮ ಮನೆಯಲ್ಲೇ ಉಳಿದಿತ್ತು. ಷರಾದ ಕೆಳಗೆ ಇನ್ನೊಂದು ಸಾಲು ಬರೆದು ಕೊಡಲೇ ತಾಯಿ ಎಂದು ಕೇಳಿದೆ. "ಅದೆಲ್ಲ ಇರಲಿ ಮೇಷ್ಟ್ರೇ. ಮುಂಬಯಿಯಲ್ಲಿ ನಮ್ಮ ಕಡೆ ಊಟ ಸಿಗುತ್ತದೆಯೇ, ನಿಮ್ಮ ಹುಡುಗರನ್ನು ಒಂದು ಮಾತು ಕೇಳಿ" ಎಂದರು.